ನುಸಿಗುಳಿಗೆಯ ಮನೆ

ಆ ಮನೆಯ ಬಾಗಿಲು ತೆಗೆದರೆ ಮೊದಲು ಎದುರಾಗುತ್ತಿದ್ದುದು ಮನುಷ್ಯರಲ್ಲ, ವಾಸನೆ. ಬಟ್ಟೆಗೆ ಹುಳ ಹತ್ತದಿರಲಿ ಎಂದು ಪೆಟ್ಟಿಗೆಯ ಮೂಲೆಗೆ ಹಾಕುತ್ತಾರಲ್ಲ ಬಿಳಿ ನುಸಿಗುಳಿಗೆ, ಅದರ ವಾಸನೆ. ಬೇರೆಯವರು ಪೆಟ್ಟಿಗೆಯಲ್ಲಿ ಗುಳಿಗೆ ಇಟ್ಟು ತಾವು ಹೊರಗಿರುತ್ತಾರೆ. ಇಲ್ಲಿಯವರು ಗುಳಿಗೆಯ ಜೊತೆ ತಾವೂ ಪೆಟ್ಟಿಗೆಯೊಳಗೇ ಸಂಸಾರ ಹೂಡಿದಂತಿದ್ದರು. ನಾಟಕಕ್ಕೆ, ಶಾಲೆಯ ಕಾರ್ಯಕ್ರಮಕ್ಕೆ, ಮದುವೆಗೆ ಬಟ್ಟೆ ಬಾಡಿಗೆ ಕೊಡುವ ಕುಟುಂಬ ಅದು. ಕೆಳಗೆ ಅಂಗಡಿ, ಅದರ ಹಿಂದೆ ಅಡುಗೆಮನೆ ಮತ್ತು ಗಂಡ ಹೆಂಡತಿ ಮಲಗುವ ಕೋಣೆ. ಮೇಲೆ ಅತ್ತೆಯ ಕೋಣೆ ಮತ್ತು ಉಗ್ರಾಣ. ರಾಜನ ನಿಲುವಂಗಿ, ಪೊಲೀಸನ ಸಮವಸ್ತ್ರ, ನ್ಯಾಯಾಧೀಶನ ಕರಿಕೋಟು, ಕರಡಿಯ ವೇಷ ಎಲ್ಲವೂ ಜಾಗವಿದ್ದಲ್ಲೆಲ್ಲ ನೇತಾಡುತ್ತಿದ್ದವು. ಪ್ರತಿ ಜೇಬಿನಲ್ಲೂ ಒಂದೊಂದು ಗುಳಿಗೆ.

ಮನೆಯ ಸೊಸೆಯನ್ನು ಊರಿನವರು ಗುಂಡಿಯಮ್ಮ ಎನ್ನುತ್ತಿದ್ದರು. ಬಾಡಿಗೆಗೆ ಹೋದ ಬಟ್ಟೆ ಮರಳಿ ಬಂದಾಗ ಗುಂಡಿಗಳನ್ನೆಲ್ಲ ಬೆರಳಲ್ಲಿ ಸವರಿ ನೋಡುವುದು ಅವಳ ಕೆಲಸ. ನೆಲದಲ್ಲಿ ಬಿದ್ದ ಒಂದು ಗುಂಡಿಯನ್ನು ಕಣ್ಣು ಮುಚ್ಚಿ ಬೆರಳ ನಡುವೆ ಉರುಳಿಸಿ, ಇದು ಇಂಥ ಕೋಟಿನದು, ತೋಳಿನದಲ್ಲ ಎದೆಯದು, ಮೇಲಿಂದ ಎರಡನೆಯದು ಎಂದು ಹೇಳಿಬಿಡುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕಲಿಸಿದ ವಿದ್ಯೆ. ಆಮೇಲೆ ಸೊಸೆ ಅತ್ತೆಯನ್ನು ಮೀರಿಸಿದಳು, ಅತ್ತೆ ಅದನ್ನು ಕ್ಷಮಿಸಲಿಲ್ಲ. ಅದು ಎಲ್ಲ ಮನೆಗಳಲ್ಲೂ ಇದ್ದದ್ದೇ.

ಗಂಡನ ವಿದ್ಯೆ ಬೇರೆ. ತೊಳೆದರೂ ಹೋಗದ ಕಲೆಯನ್ನು ಮುಚ್ಚುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಎಣ್ಣೆ ಕಲೆಯಿದ್ದಲ್ಲಿ ಒಂದು ಜರಿಪಟ್ಟಿ, ಸುಟ್ಟ ತೂತಿದ್ದಲ್ಲಿ ಒಂದು ಬಿಲ್ಲೆ. ಅವರ ಅಂಗಡಿಯ ಸೇನಾಪತಿಗಳ ಎದೆಯ ಮೇಲಿದ್ದ ಪದಕಗಳಲ್ಲಿ ಅರ್ಧಕ್ಕರ್ಧ ಶೌರ್ಯಕ್ಕೆ ಸಿಕ್ಕವಲ್ಲ, ಚೆಲ್ಲಿದ ಶಾಯಿಗೆ ಸಿಕ್ಕವು. ಹೊಸ ಕಲೆಯೊಂದು ಬಂದರೆ ಬೈಯುವ ಬದಲು ಅವನ ಮುಖ ಅರಳುತ್ತಿತ್ತು. "ಇದಕ್ಕೊಂದು ಬಡ್ತಿ ಕೊಡೋಣ" ಎಂದು ಪದಕದ ಡಬ್ಬಿ ತೆಗೆಯುತ್ತಿದ್ದ.

ಒಂದು ಬೆಳಿಗ್ಗೆ ಗುಂಡಿಯಮ್ಮ ಅಂಗಡಿ ಗುಡಿಸುವಾಗ ಹಿತ್ತಾಳೆಯ ಗುಂಡಿಯೊಂದು ಸಿಕ್ಕಿತು. ಕೈಗೆತ್ತಿಕೊಂಡು ಉರುಳಿಸಿದಳು. ಏನೂ ಹೊಳೆಯಲಿಲ್ಲ. ಕಣ್ಣು ಬಿಟ್ಟು ನೋಡಿದಳು, ಬೆಳಕಿಗೆ ಹಿಡಿದಳು, ಎಲ್ಲ ಕೋಟುಗಳ ಮುಂದೆ ಹಿಡಿದುಕೊಂಡು ಓಡಾಡಿದಳು. ಕೊನೆಗೆ ನೋಡಿದರೆ ಅವಳೇ ಹಿಂದಿನ ದಿನ ಇಸ್ತ್ರಿ ಮಾಡಿ ನೇತುಹಾಕಿದ್ದ ಕೋಟಿನದು. ಯಾರಿಗೂ ಹೇಳದೆ ಹೊಲಿದುಹಾಕಿದಳು.

ಆದರೆ ಅದು ಅಷ್ಟಕ್ಕೇ ನಿಲ್ಲಲಿಲ್ಲ. ನ್ಯಾಯಾಧೀಶನ ಕೋಟಿನ ಜೊತೆ ಕರಡಿಯ ಕಾಲು ಕಟ್ಟಿ ಕಳಿಸಿದಳು. ಶಾಲೆಯವರು ನಕ್ಕರು, ಇವಳೂ ನಕ್ಕಳು. ಒಲೆಯ ಮೇಲೆ ಚಹಾಕ್ಕಿಟ್ಟ ನೀರು ಇಂಗಿ ಪಾತ್ರೆ ಕರಕಲಾಯಿತು. ದಿನಾ ಬರುವ ಅಗಸನ ಮಗಳ ಹೆಸರು ನಾಲಿಗೆ ತುದಿಗೆ ಬಂದು ಅಲ್ಲೇ ಕೂತಿತು. ಮಾತಿನ ನಡುವೆ "ಅದು… ಅದೇ… ಇದು" ಎನ್ನುವುದು ಹೆಚ್ಚಾಯಿತು. ತಲೆಯೊಳಗೆ ಯಾರೋ ಒಂದೊಂದೇ ಗುಂಡಿ ಕಿತ್ತು ಹಾಕುತ್ತಿದ್ದಾರೆ ಎಂದು ಅವಳಿಗೆ ಅನಿಸತೊಡಗಿತು.

ಆಗ ಬಂದವಳು ನಾದಿನಿ, ಗಂಡನ ತಂಗಿ. ಬೇರೆ ಊರಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಬಂದವಳೇ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು.

"ಅತ್ತಿಗೆ, ಈ ಗಾಳೀಲಿ ಹೇಗೆ ಉಸಿರಾಡ್ತೀರಿ ನೀವು? ಹೋದ ಸಲಕ್ಕಿಂತ ಜಾಸ್ತಿಯಾಗಿದೆ. ಕಣ್ಣು ಉರೀತಿದೆ ನಂಗೆ."

"ಯಾವ ಗಾಳಿ? ನಂಗೇನೂ ಬರ್ತಿಲ್ವಲ್ಲ."

"ಅದೇ ನಾನು ಹೇಳ್ತಿರೋದು. ಮೂಗು ಸತ್ತೇ ಹೋಗಿದೆ ನಿಮ್ದು. ಇಷ್ಟೊಂದು ಗುಳಿಗೆ ಹೊಗೆ ದಿನಾ ಒಳಗೆ ಹೋದ್ರೆ ಬರೀ ಮೂಗು ಕೆಡುತ್ತಾ? ತಲೇನೂ ಕೆಡುತ್ತೆ. ಮರೆವು ಬರುತ್ತೆ ಅಂತಾರೆ."

ಗುಂಡಿಯಮ್ಮ ಚಹಾ ಲೋಟ ಕೆಳಗಿಟ್ಟಳು. ಮರೆವಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ನಾದಿನಿ ಗಾಳಿಗೆ ಗುಂಡು ಹೊಡೆದಿದ್ದಳು, ಅದು ಬಂದು ಇವಳಿಗೇ ತಾಗಿತ್ತು.

ನಾದಿನಿ ಮೇಲೆ ಹೋಗಿ ತಾಯಿಯನ್ನು ಮಾತಾಡಿಸಿ ಬಂದಳು. ಅಣ್ಣ ಪಕ್ಕದಲ್ಲೇ ಕೂತಿದ್ದ. ಇಳಿದು ಬಂದಾಗ ಅವಳ ಮುಖ ಹೊಳೆಯುತ್ತಿತ್ತು. "ಅಮ್ಮ ಮಾತ್ರ ಹಾಗೇ ಇದ್ದಾಳೆ ನೋಡಿ! ರಾಜನ ನಿಲುವಂಗಿ ಕಥೆ ಹೇಳಿದ್ಲು, ಒಂದಕ್ಷರ ಬಿಡದ ಹಾಗೆ."

ಗಂಡ ಹಿಂದಿನಿಂದ ಬಂದು ಎದೆಯುಬ್ಬಿಸಿದ. "ಮತ್ತೆ! ನಿಮ್ಮ ವಿಜ್ಞಾನ ಏನನ್ನುತ್ತೆ ಇದಕ್ಕೆ? ಅಮ್ಮ ಎಂಬತ್ತು ದಾಟಿದ್ಲು, ಇದೇ ಗಾಳಿ ಕುಡ್ದು ಬೆಳೆದವಳು. ತಲೆ ಹೇಗಿದೆ? ಗಟ್ಟಿ. ಗುಳಿಗೆಯಿಂದ ತಲೆ ಕೆಡೋ ಹಾಗಿದ್ರೆ ಮೊದ್ಲು ಕೆಡಬೇಕಾಗಿದ್ದು ಯಾರ್ದು?"

ಆ ಮಾತಿಗೆ ಗುಂಡಿಯಮ್ಮ ಮನಸ್ಸಿನಲ್ಲೇ ಕೈ ಮುಗಿದಳು. ಅತ್ತೆ ಎಂದರೆ ಅವಳಿಗೆ ಅಂಥ ಪ್ರೀತಿಯೇನಿರಲಿಲ್ಲ. ವರ್ಷದ ಹಿಂದೆ ತಾಯಿಯ ಊಟ, ಸ್ನಾನ, ಹಾಸಿಗೆ ಎಲ್ಲವನ್ನೂ ಗಂಡನೇ ನೋಡಿಕೊಳ್ಳುತ್ತೇನೆ ಎಂದಾಗ ಬಿಟ್ಟರೆ ಸಾಕು ಎಂದು ಬಿಟ್ಟುಕೊಟ್ಟಿದ್ದಳು. ಮೇಲೆ ಹೋಗುವುದನ್ನೂ ನಿಲ್ಲಿಸಿದ್ದಳು. ಆದರೆ ಈಗ ಅತ್ತೆಯ ತಲೆ ಗಟ್ಟಿಯಾಗಿರುವುದೇ ಅವಳಿಗಿದ್ದ ಒಂದೇ ಧೈರ್ಯ. ಅತ್ತೆಗೆ ಏನೂ ಆಗಿಲ್ಲ, ಹಾಗಾದರೆ ನನಗೂ ಏನೂ ಆಗಿಲ್ಲ. ದಿನಕ್ಕೆ ಹತ್ತು ಸಲ ಹೀಗೆ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡದ್ದನ್ನೂ ಮರೆತು ಮತ್ತೆ ಹೇಳಿಕೊಳ್ಳುತ್ತಿದ್ದಳೋ ಏನೋ.

ಆದರೂ ಒಮ್ಮೆ ತಲೆಗೆ ಹೊಕ್ಕ ಹುಳ ಸುಮ್ಮನಿರುತ್ತದೆಯೇ? ವಾಸನೆ ಬಾರದಿದ್ದರೂ ಅವಳಿಗೆ ಎಲ್ಲೆಲ್ಲೂ ಗುಳಿಗೆಯೇ ಕಾಣತೊಡಗಿತು. ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿ ಒಂದು. ದಿಂಬಿನ ಮೇಲೆ, ಗೋಡೆಗೆ ನೇತುಹಾಕಿದ ಕೋಟಿನ ಜೇಬಿನಿಂದ ಉರುಳಿದ್ದೊಂದು. ನುಸಿಗುಳಿಗೆಯ ಗುಣ ನೋಡಿ, ಅದು ಕರಗಿ ನೀರಾಗುವುದಿಲ್ಲ. ದಿನದಿನಕ್ಕೆ ಸಣ್ಣದಾಗುತ್ತ ಆಗುತ್ತ ಇಲ್ಲವಾಗುತ್ತದೆ. ಇಲ್ಲವಾದದ್ದು ಹೋಗುವುದೆಲ್ಲಿಗೆ? ಇಷ್ಟು ವರ್ಷ ಜೇಬು ಜೇಬಿಗೆ ತುಂಬಿದ ಗುಳಿಗೆಗಳೆಲ್ಲ ಎಲ್ಲಿ ಹೋದವು? ತನ್ನ ಮೂಗಿನಿಂದ ತನ್ನೊಳಗೇ ಎಂದು ಹೊಳೆದಾಗ ತಿನ್ನುತ್ತಿದ್ದ ಮೊಟ್ಟೆ ಗಂಟಲಲ್ಲಿ ನಿಂತಿತು. ಅಂದಿನಿಂದ ತಟ್ಟೆ ಮುಂದಿಟ್ಟರೆ ವಾಕರಿಕೆ. ಉಗುಳು ನುಂಗಲೂ ಹೇಸಿಗೆ. ತನ್ನ ಕೂದಲನ್ನು ತಾನೇ ಮೂಸಿ, ಏನೂ ಬಾರದೆ, ಬಾರದ್ದಕ್ಕೇ ಮತ್ತಷ್ಟು ಹೇಸಿದಳು.

"ಗುಳಿಗೆ ಕಮ್ಮಿ ಮಾಡೋಣ ರೀ" ಎಂದರೆ ಗಂಡ ಸುತರಾಂ ಒಪ್ಪಲಿಲ್ಲ. ಕಮ್ಮಿ ಮಾಡುವ ಮಾತು ಹಾಗಿರಲಿ, ಚೀಲಗಟ್ಟಲೆ ತಂದು ಮೇಲೆ ಸಾಗಿಸುತ್ತಿದ್ದ. "ಹುಳ ತಿಂದ್ರೆ ನೀನು ಕಟ್ಕೊಡ್ತೀಯಾ?" ಎಂದು ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದ. ಬಟ್ಟೆಯ ಬಗ್ಗೆ ಇಷ್ಟು ಕಾಳಜಿ ಇವನಿಗೆ ಎಲ್ಲಿಂದ ಬಂತು ಎಂದು ಅವಳಿಗೆ ಆಶ್ಚರ್ಯ.

ಒಂದು ದಿನ ಅವನು ನಾಟಕದವರಿಗೆ ಬಟ್ಟೆ ಮುಟ್ಟಿಸಲು ಹೋದಾಗ ಗುಂಡಿಯಮ್ಮ ಟೊಂಕ ಕಟ್ಟಿದಳು. ಕೆಳಗಿನ ಕಿಟಕಿಗಳನ್ನೆಲ್ಲ ತೆರೆದಳು. ಕೆಲವು ಎಷ್ಟು ವರ್ಷದಿಂದ ತೆರೆದಿರಲಿಲ್ಲವೋ, ಸುತ್ತಿಗೆಯಲ್ಲಿ ಹೊಡೆಯಬೇಕಾಯಿತು. ಒಂದೊಂದು ಜೇಬಿಗೂ ಕೈ ಹಾಕಿ ಗುಳಿಗೆ ತೆಗೆದು, ಗೋಣಿಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದಳು. ಗಂಡ ಬಂದು ನೋಡಿ ಸಿಟ್ಟಿನಿಂದ ಕುಣಿದಾಡಿದ. ಇವಳೂ ಬಿಡಲಿಲ್ಲ. "ಈ ಮನೇಲಿ ಒಂದೋ ಗುಳಿಗೆ ಇರಬೇಕು, ಇಲ್ಲ ನಾನಿರಬೇಕು" ಎಂದಳು. ಅವಳು ಹಾಗೆ ಯಾವತ್ತೂ ಮಾತಾಡಿದವಳಲ್ಲ. ಅವನು ತಣ್ಣಗಾದ.

"ಸರಿ, ಕೆಳಗೆ ಬೇಡ. ಆದ್ರೆ ಮೇಲಿನ ಉಗ್ರಾಣಕ್ಕೆ ಕೈ ಹಾಕ್ಬೇಡ. ಅಲ್ಲಿ ಬೆಲೆಬಾಳೋ ಬಟ್ಟೆ ಇದೆ" ಎಂದ. ಉಗ್ರಾಣಕ್ಕೆ ಬೀಗ ಜಡಿದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

ಸತ್ತಿದೆ ಎಂದುಕೊಂಡಿದ್ದ ಮೂಗು ಸತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳಿಗೆ ಚಹಾದ ವಾಸನೆ ಬಂತು. ಕಣ್ಣಲ್ಲಿ ನೀರೇ ಬಂತು. ಮರುದಿನ ಸಾಬೂನಿನ ವಾಸನೆ. ಆದರೆ ಮೂಗು ಒಳ್ಳೆಯದನ್ನು ಮಾತ್ರ ಆರಿಸಿ ತರುತ್ತದೆಯೇ? ಕೋಟುಗಳ ಕೊರಳಪಟ್ಟಿಯಿಂದ ಯಾರು ಯಾರದೋ ಬೆವರು ಎದ್ದಿತು. ಕರಡಿಯ ವೇಷದಿಂದ ಹಳೇ ವಾಂತಿಯ ಹುಳಿ. ಪಕ್ಕದಲ್ಲಿ ಮಲಗಿದ ಗಂಡನ ಬಾಯಿಯಿಂದ ಅವನ ಕೊಳೆತ ಹಲ್ಲು. ಇದನ್ನೆಲ್ಲ ಇಷ್ಟು ವರ್ಷ ಮೂಸದೆ ಬಾಳಿದೆನಲ್ಲ, ಗುಳಿಗೆಗೆ ಒಂದು ನಮಸ್ಕಾರ ಹಾಕಬೇಕು ಎಂದು ಅವಳಿಗೇ ನಗು ಬಂತು.

ಆಮೇಲೆ ಇನ್ನೊಂದು ವಾಸನೆ ಬಂತು, ಅದಕ್ಕೆ ನಗು ಬರಲಿಲ್ಲ. ಅದು ಮೇಲಿನಿಂದ ಮೆಟ್ಟಿಲಿಳಿದು ಬರುತ್ತಿತ್ತು. ನುಸಿಗುಳಿಗೆಯ ವಾಸನೆಯೇ, ಆದರೆ ಅದರ ಹೊಟ್ಟೆಯೊಳಗೆ ಬೇರೇನೋ ಇತ್ತು. ಗಂಡ ಹಜಾಮನ ಅಂಗಡಿಗೆ ಹೋದ ಹೊತ್ತು ನೋಡಿ, ಇಕ್ಕಳ ಹಿಡಿದು ಮೇಲೆ ಹೋಗಿ ಉಗ್ರಾಣದ ಚಿಲಕದ ಮೊಳೆಗಳನ್ನೇ ಕಿತ್ತಳು.

ಬಾಗಿಲು ತೆರೆದದ್ದೇ ಮುಖಕ್ಕೆ ಹೊಡೆದಂತಾಯಿತು. ಪೆಟ್ಟಿಗೆಗಳ ಮೇಲೆ, ನೆಲದ ಮೇಲೆ ಗುಳಿಗೆಗಳು ಜೋಳ ಒಣಹಾಕಿದ ಹಾಗೆ ಹರಡಿದ್ದವು. ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಮೇಲೆ ಮಖಮಲ್ಲಿನ ಕೋಟು. ಅದರ ಕೆಳಗೆ ಅತ್ತೆಯ ಒಳಬಟ್ಟೆ. ಮುದ್ದೆ ಮಾಡಿ ತುರುಕಿದ್ದು, ಒಣಗಿ ರಟ್ಟಿನಂತಾದದ್ದು, ಒಣಗದೆ ಹಸಿರು ಬೂಷ್ಟು ಕಟ್ಟಿದ್ದು. ಉಚ್ಚೆಯ ಕಲೆಯೊಂದೇ ಅಲ್ಲ, ಎಲ್ಲದರದೂ. ರಾಜನ ನಿಲುವಂಗಿಯ ತೋಳಿನೊಳಗೆ ಒಂದು ಹಾಸಿಗೆ ಬಟ್ಟೆಯನ್ನೇ ತುರುಕಲಾಗಿತ್ತು. ಎರಡನೇ ಪೆಟ್ಟಿಗೆಯೂ ಹಾಗೇ, ಮೂರನೆಯದೂ ಹಾಗೇ. ಪ್ರತಿಯೊಂದರ ಮೇಲೂ ಹಿಡಿ ಹಿಡಿ ಗುಳಿಗೆ. ಈ ಪೆಟ್ಟಿಗೆಯ ಕೋಟೊಂದನ್ನೇ ಮೊನ್ನೆ ಮದುವೆ ಗಂಡೊಬ್ಬ ತೊಟ್ಟುಕೊಂಡು ಹೋಗಿದ್ದ. ಅವಳು ಕಿಟಕಿಗೆ ಓಡಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಕಾರಿದಳು.

ಬಾಯಿ ಒರೆಸಿಕೊಂಡು ಪಕ್ಕದ ಕೋಣೆಗೆ ಹೋದಳು. ಅತ್ತೆ ಕುರ್ಚಿಯಲ್ಲಿ ಕೂತಿದ್ದಳು, ತಲೆ ಬಾಚಿತ್ತು, ಮೈಮೇಲೆ ಒಗೆದ ಬಟ್ಟೆಯಿತ್ತು. ಹೊರಗಿನವರು ನೋಡಿದರೆ ಮಹಾರಾಣಿ.

"ಅತ್ತೆ, ನಾನ್ಯಾರು?"

ಅತ್ತೆ ಬಾಗಿಲ ಕಡೆ ನೋಡಿದಳು. ಅಲ್ಲಿ ಮಗನಿರಲಿಲ್ಲ. "ರಾಜನ ನಿಲುವಂಗಿ ಕಥೆ ಹೇಳ್ಲಾ?" ಎಂದಳು.

"ಬೇಡ. ನಾನ್ಯಾರು ಹೇಳಿ."

ಮುದುಕಿ ಅವಳ ಬೆರಳುಗಳನ್ನು ನೋಡಿದಳು. "ಹೊಸ ಹುಡುಗೀನಾ? ಗುಂಡಿ ಕೆಲಸಕ್ಕೆ ಬಂದಿದ್ದೀಯಾ?" ಎಂದಳು.

ಗುಂಡಿಯಮ್ಮನಿಗೆ ವಾಂತಿ ಬರುವಾಗ ಇರದ ಭಯ ಈಗ ಬಂತು. ಗಟ್ಟಿ, ಗಟ್ಟಿ ಎಂದು ಊರಿಗೆಲ್ಲ ಸಾರಿದ ತಲೆ ಇದೇ. ಇದನ್ನು ನಂಬಿಕೊಂಡು ತಾನು ನಿದ್ದೆ ಮಾಡುತ್ತಿದ್ದುದು. ಇಬ್ಬರೂ ಇದೇ ಮನೆಯಲ್ಲಿ, ಇದೇ ಗಾಳಿಯಲ್ಲಿ, ಇದೇ ಗುಂಡಿಗಳನ್ನು ಉರುಳಿಸಿದವರು. ಅತ್ತೆ ಮುಂದೆ ಹೋಗಿದ್ದಾಳೆ, ತಾನು ಹಿಂದೆ ಹೊರಟಿದ್ದೇನೆ.

ಗಂಡ ನುಣ್ಣಗೆ ಬೋಳಿಸಿಕೊಂಡು ಬಂದ. ಚಿಲಕ ಕಿತ್ತದ್ದು ನೋಡಿ ಅವನ ಮುಖ ಬಿಳುಚಿತು.

"ಎಷ್ಟು ದಿನದಿಂದ?" ಎಂದಳು ಗುಂಡಿಯಮ್ಮ.

"ಯಾವ್ದು?"

"ನಾಟಕ ಸಾಕು. ಅದನ್ನ ಬಾಡಿಗೆಗೆ ಕೊಡಿ, ಮನೇಲಿ ಮಾಡ್ಬೇಡಿ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಅವಳೇ ಬಚ್ಚಿಡ್ತಾಳೆ ಕಣೇ. ಒದ್ದೆ ಮಾಡ್ಕೊಂಡು ನಾಚಿಕೆಯಾಗಿ ಎಲ್ಲಿ ಸಿಗುತ್ತೋ ಅಲ್ಲಿ ತುರುಕ್ತಾಳೆ. ನಂಗೆ ಸಿಕ್ಕಿದ್ದನ್ನ ಒಗೆದೆ. ಆಮೇಲೆ ಕೈಲಾಗ್ಲಿಲ್ಲ. ಅಗಸನಿಗೆ ಕೊಟ್ರೆ ಊರಿಗೆಲ್ಲ ಡಂಗುರ ಹೊಡೀತಾನೆ. ನಮ್ಮಮ್ಮ ಹೇಗಿದ್ದವಳು! ಅವಳನ್ನ ಜನ ಹೀಗೆ ನೋಡ್ಬಾರ್ದು ಅಂತ…"

"ಅಂತ ಗುಳಿಗೆ ಸುರಿದ್ರಿ. ಆಕೆ ಪಕ್ಕದ ಕೋಣೇಲಿ ಮಲಗಿರೋವಾಗ. ಒಬ್ಬ ಡಾಕ್ಟ್ರಿಗೂ ತೋರಿಸ್ದೆ."

"ಡಾಕ್ಟ್ರು ಏನ್ಮಾಡ್ತಾರೆ? ವಯಸ್ಸು."

"ನನ್ಗೆ ವಯಸ್ಸಾಗಿದ್ಯಾ?" ಎಂದು ಕೇಳಿದಳು. ಅವನು ತಲೆಯೆತ್ತಿದ. ಗುಂಡಿ, ಕರಡಿಕಾಲು, ಸುಟ್ಟ ಪಾತ್ರೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು. ಅವನು ಕೇಳಿ, ಸಮಾಧಾನದ ದನಿಯಲ್ಲಿ "ಅದು ನಂಗೆ ಗೊತ್ತಾಗಿತ್ತು ಬಿಡು. ಕರಡಿಕಾಲು ಹೋದ್ಮೇಲೆ ನೀನು ಕಟ್ಟಿದ ಗಂಟುಗಳನ್ನೆಲ್ಲ ನಾನೇ ಒಂದ್ಸಲ ಬಿಚ್ಚಿ ನೋಡಿ ಕಳಿಸ್ತಿದ್ದೆ. ಯಾರ್ಗೂ ಗೊತ್ತಾಗಲ್ಲ" ಎಂದ.

ಅವಳಿಗೆ ಮೈಯೆಲ್ಲ ಹುಳ ಹರಿದಂತಾಯಿತು. ಪೆಟ್ಟಿಗೆಯೊಳಗಿನದಕ್ಕಿಂತ ಈ ಮಾತು ಹೆಚ್ಚು ನಾರಿತು. ತನ್ನ ಬುದ್ಧಿ ಜಾರುತ್ತಿರುವುದನ್ನು ನೋಡಿಯೂ ಈ ಮನುಷ್ಯ ಅದರ ಮೇಲೂ ಒಂದು ಪದಕ ಹೊಲಿದಿದ್ದ. ಒಳ್ಳೆಯದು ಮಾಡಿದೆ ಎಂಬ ತೃಪ್ತಿ ಬೇರೆ ಅವನ ಮುಖದಲ್ಲಿತ್ತು. ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲಿಲ್ಲ, ಬಾಯಿ ಒಣಗಿತ್ತು.

ಮರುದಿನ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ನೀವು ಬರಬೇಡಿ ಎಂದರೂ ಗಂಡ ಬಂದ. ತಾಯಿಗೆ ಅಂಗಡಿಯ ಒಳ್ಳೆಯ ಶಾಲು ಹೊದಿಸಿದ್ದ. ತಾನೂ ಬಾಡಿಗೆಯ ಕೋಟೊಂದನ್ನು ಏರಿಸಿದ್ದ.

ಡಾಕ್ಟರಮ್ಮ ಎಲ್ಲವನ್ನೂ ಕೇಳಿದಳು. ಗುಳಿಗೆಯ ಮಾತು ಬಂದಾಗ ಹುಬ್ಬುಗಂಟಿಕ್ಕಿದಳು. "ಅದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ. ಅದರಿಂದ ಅಲ್ಲ ಅಂತಾನೂ ಹೇಳೋಕಾಗಲ್ಲ. ಆದ್ರೆ ಆ ಗಾಳೀಲಿ ಇನ್ನೊಂದು ದಿನಾನೂ ಯಾರೂ ಇರ್ಬೇಡಿ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅಜ್ಜಿ, ನಾನು ಮೂರು ಮಾತು ಹೇಳ್ತೀನಿ. ನೆನಪಿಟ್ಕೊಳ್ಳಿ, ಆಮೇಲೆ ಕೇಳ್ತೀನಿ. ಸೇಬು, ಏಣಿ, ಕನ್ನಡಿ."

ಅತ್ತೆ ತಲೆಯಾಡಿಸಿದಳು. ಡಾಕ್ಟರಮ್ಮ ಅವಳ ಕೈ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟಳು, ನಡೆಸಿ ನೋಡಿದಳು, ಗಡಿಯಾರ ಬರೆಯಿರಿ ಎಂದಳು. ಅತ್ತೆ ಬರೆದದ್ದು ನಾಲ್ಕು ತೂತಿನ ಗುಂಡಿಯಂತಿತ್ತು. ಗುಂಡಿಯಮ್ಮ ಮೂಲೆಯಲ್ಲಿ ಕೂತು ನೋಡುತ್ತಿದ್ದಳು.

"ಈಗ ಹೇಳಿ ಅಜ್ಜಿ, ಆ ಮೂರು ಮಾತು ಯಾವುವು?"

ಗುಂಡಿಯಮ್ಮ ತನ್ನೊಳಗೇ ಹುಡುಕಿದಳು. ಸೇಬು. ಕನ್ನಡಿ. ನಡುವೆ ಒಂದಿತ್ತು. ಇತ್ತೇ? ಜೇಬಿಗೆ ಕೈ ಹಾಕಿದರೆ ಜೇಬಿನ ತಳವೇ ಇಲ್ಲದ ಹಾಗೆ ಆಯಿತು.

ಅತ್ತೆ ಮಗನ ಕಡೆ ನೋಡಿದಳು. ಅವನು ಡಾಕ್ಟರಮ್ಮನ ಬೆನ್ನ ಹಿಂದೆ ನಿಂತು ಎರಡೂ ಕೈಯನ್ನು ಒಂದರ ಮೇಲೊಂದು ಎತ್ತಿ ಇಟ್ಟು, ಕಾಲನ್ನೂ ಎತ್ತಿ, ಏನನ್ನೋ ಹತ್ತುವವನಂತೆ ಆಡುತ್ತಿದ್ದ. ಗುಂಡಿಯಮ್ಮನಿಗೆ ಇವನೇನು ಮಾಡುತ್ತಿದ್ದಾನೆ ಎಂದೇ ತಿಳಿಯಲಿಲ್ಲ. ಅತ್ತೆಯ ಮುಖ ಬೆಳಗಿತು.

"ಏಣಿ!" ಎಂದಳು.

"ಭೇಷ್" ಎಂದಳು ಡಾಕ್ಟರಮ್ಮ. ಗಂಡ ಹೆಮ್ಮೆಯಿಂದ ಎದೆಯುಬ್ಬಿಸಿದ.

ಗುಂಡಿಯಮ್ಮ ಕಿವಿಯಲ್ಲಿ ಆ ಮಾತನ್ನು ತಿರುವಿ ತಿರುವಿ ನೋಡಿದಳು. ಈಗ ಅತ್ತೆ ಹೇಳಿದ ಮೇಲೂ ಅದು ಮೊದಲು ಕೇಳಿದ ಮಾತು ಅನಿಸಲಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮನೆಗೆ ಹೋದರೆ ಗಂಡ ಗಂಟು ಬಿಚ್ಚಿ ನೋಡಿ ಕಟ್ಟುತ್ತಾನೆ, ಮಾತಿನ ನಡುವೆ ತಾನೇ ಮಾತು ತುಂಬುತ್ತಾನೆ, ಒಂದು ದಿನ ಒಳ್ಳೆಯ ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸುತ್ತಾನೆ.

ಎದ್ದು ನಿಂತಳು. "ಡಾಕ್ಟ್ರೇ, ಅದನ್ನ ಅವ್ರು ಹೇಳ್ಲಿಲ್ಲ, ನಿಮ್ಮ ಹಿಂದೆ ನಿಂತು ಇವ್ರು ಹೇಳಿಸಿದ್ದು. ಇನ್ನೊಂದು. ಏಣಿ ಅಂತ ನೀವು ಹೇಳಿದ್ದೇ ನಂಗೆ ನೆನಪಿಲ್ಲ. ನನ್ನನ್ನೂ ನೋಡಿ."

"ಏನೇ ಇದು, ಸುಮ್ನಿರೇ" ಎಂದು ಗಂಡ ಅವಳ ತೋಳು ಜಗ್ಗಿದ. ಡಾಕ್ಟರಮ್ಮ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, "ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎಂದಳು.

ಅತ್ತೆ ತಾನಾಗಿಯೇ ಕುರ್ಚಿ ಬಿಟ್ಟು ಎದ್ದಳು. ಸೊಸೆಯ ಹತ್ತಿರ ಬಂದು, ಕೈ ಹಿಡಿದು, ಗುಟ್ಟು ಹೇಳುವವಳಂತೆ ಕಿವಿಗೆ ಬಾಯಿಟ್ಟಳು. "ಹೆದರ್ಬೇಡ ಕಣೇ. ಇವ್ನು ಎಲ್ಲಾ ಹೇಳ್ಕೊಡ್ತಾನೆ."

ಕುರ್ಚಿಯ ಮೇಲೆ ಒದ್ದೆಯಾಗಿತ್ತು. ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಗಂಡ ದಡಬಡಿಸಿ ಬಂದು, ಯಾರೂ ನೋಡುವ ಮೊದಲೇ ಎಂಬಂತೆ ಮೈಮೇಲಿನ ಕೋಟು ಬಿಚ್ಚಿ ಅದರ ಮೇಲೆ ಹಾಸಲು ಹೋದ. ಗುಂಡಿಯಮ್ಮ ಅವನ ಕೈಯನ್ನು ತಳ್ಳಿದಳು. ಮೇಜಿನ ಮೇಲಿದ್ದ ಹತ್ತಿ ತೆಗೆದುಕೊಂಡು, ಮೂವರೂ ನೋಡುತ್ತಿರುವಂತೆಯೇ ಕುರ್ಚಿಯನ್ನು ಒರೆಸಿದಳು. "ಮೊದ್ಲು ಇವ್ರನ್ನ ಹೊರಗೆ ಕಳಿಸಿ ಡಾಕ್ಟ್ರೇ" ಎಂದು ಗಂಡನ ಕಡೆ ಕೈ ತೋರಿಸಿ, ಕೂತಳು.